ಪೋಸ್ಟರಿನಲ್ಲಿ ಎಲ್ಲೂ ಅಚ್ಚಾಗಿರದ ಪದ

ಚಿತ್ರದಲ್ಲಿರುವ ಗಂಡಸಿನ ಎಡಗೈಯ ತೋರುಬೆರಳಿಗೆ ನಾಲ್ಕು ಗೆಣ್ಣುಗಳಿವೆ. ಉಳಿದ ಬೆರಳುಗಳಿಗೂ ಅಷ್ಟೇ. ಭೂತಗನ್ನಡಿ ಹಿಡಿದು ನೋಡಿದರೆ ಪ್ರತಿ ಗೆಣ್ಣಿನ ಮೇಲೂ ಸಣ್ಣ ಕಮಾನಿನಂಥ ಗೆರೆ ಕಾಣುತ್ತದೆ. ಕೈತಪ್ಪಿ ಬಿದ್ದ ಗೆರೆಯಲ್ಲ, ಬೇಕೆಂದೇ ಎಳೆದದ್ದು. ನನ್ನ ಬೆರಳಿಗೆ ಮೂರೇ ಗೆಣ್ಣು. ಇದು ನನ್ನ ಕಣ್ಣಿಗೆ ಬೀಳುವಷ್ಟರಲ್ಲಿ ಆ ಚಿತ್ರದ ಬಗ್ಗೆ ನಾನು ಎರಡು ಸಲ ಬರೆದಿದ್ದೆ, ಎರಡು ಸಲವೂ ತಪ್ಪಾಗಿ ಬರೆದಿದ್ದೆ.

ಮ್ಯಾನ್‌ಹಟನ್ನಿನ ಒಂದು ಚಿಕ್ಕ ಮ್ಯೂಸಿಯಮ್ಮಿನಲ್ಲಿ ನನ್ನ ಕೆಲಸ. ಕಣ್ಣು ಕಾಣದ ಸಂದರ್ಶಕರಿಗಾಗಿ ಚಿತ್ರಗಳನ್ನು ಮಾತಿನಲ್ಲಿ ವಿವರಿಸಿ ಬರೆಯುತ್ತೇನೆ. ನಾನು ಬರೆದದ್ದನ್ನು ಓದುವ ಕಲಾವಿದರೊಬ್ಬರು ಸ್ಟುಡಿಯೋದಲ್ಲಿ ದಾಖಲಿಸುತ್ತಾರೆ. ಸಂದರ್ಶಕರು ಚಿತ್ರದ ಪಕ್ಕದ ಉಬ್ಬು ಸಂಖ್ಯೆಯನ್ನು ಬೆರಳಲ್ಲಿ ಮುಟ್ಟಿ ತಿಳಿದುಕೊಂಡು, ಕೈಯಲ್ಲಿರುವ ಯಂತ್ರದಲ್ಲಿ ಅದೇ ಸಂಖ್ಯೆ ಒತ್ತಿ ಕೇಳುತ್ತಾರೆ. ಒಂದು ಚಿತ್ರಕ್ಕೆ ಒಂದೂವರೆ ನಿಮಿಷ. ಈ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಲಿಸುವ ನಿಯಮ ಇದು: ಕಂಡದ್ದನ್ನು ಹೇಳು, ಅರ್ಥ ಹೇಳಬೇಡ. ಅರ್ಥ ಮಾಡಿಕೊಳ್ಳುವ ಹಕ್ಕು ಕೇಳುವವರದು. ನನಗೆ ಈ ನಿಯಮ ಇಷ್ಟ. ನನ್ನ ಸ್ವಭಾವಕ್ಕೂ ಅದು ಒಗ್ಗುತ್ತದೆ.

ಈ ಸಲದ ಪ್ರದರ್ಶನ ಯಹೂದಿಗಳ ವಿರುದ್ಧ ಯುರೋಪಿನಲ್ಲಿ ಅಚ್ಚಾದ ಪ್ರಚಾರ ಚಿತ್ರಗಳದ್ದು. ಎರಡನೇ ಮಹಾಯುದ್ಧಕ್ಕೆ ಮುಂಚಿನವು, ಯುದ್ಧದ ಕಾಲದವು. ಹೆಚ್ಚಿನ ವಿವರಣೆಗಳು ಬೇಗ ಮುಗಿದು, ಒಪ್ಪಿಗೆ ಪಡೆದು, ದಾಖಲಾಗಿದ್ದವು. ಕೊನೆಗೆ ಉಳಿದದ್ದು ಒಂದು ದೊಡ್ಡ ಪೋಸ್ಟರು. ಎಡಗಡೆ ಒಬ್ಬ ತಾಯಿ ಮತ್ತು ಮಗು, ಅವರ ಮುಂದೆ ಖಾಲಿ ತಟ್ಟೆ. ಬಲಗಡೆ ಒಬ್ಬ ಗಂಡಸು. ದೊಡ್ಡ ಹೊಟ್ಟೆಯ ಮೇಲೆ ಗಡಿಯಾರದ ಸರಪಳಿ, ಒಂದು ಕೈಯಲ್ಲಿ ಹಣದ ಚೀಲ, ಇನ್ನೊಂದು ಕೈ ತಟ್ಟೆಯ ಕಡೆಗೆ ಚಾಚಿದೆ. ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಪ್ರಶ್ನೆ: ನಿನ್ನ ರೊಟ್ಟಿ ಎಲ್ಲಿ ಹೋಯಿತು?

ನಮ್ಮ ವಿವರಣೆಗಳು ದಾಖಲಾಗುವ ಮೊದಲು ಒಬ್ಬರು ಕೇಳಿ ನೋಡಬೇಕು. ಆ ಕೇಳುಗರು ಮೂವತ್ತನೆಯ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರು. ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ವೃದ್ಧೆ. ಅವರ ತಂದೆತಾಯಿ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯಹೂದಿಗಳು. ಅವರ ಮನೆ ಜಾರ್ಜ್ ವಾಷಿಂಗ್ಟನ್ ಸೇತುವೆಯ ಮ್ಯಾನ್‌ಹಟನ್ ತುದಿಯಲ್ಲಿ, ನಾನಿರುವುದು ನ್ಯೂಜೆರ್ಸಿ ತುದಿಯ ಫೋರ್ಟ್ ಲೀಯಲ್ಲಿ. ಹಾಗಾಗಿ ಕೆಲಸ ಮುಗಿಸಿ ಬಸ್ಸು ಹತ್ತುವ ಮೊದಲು ಅವರ ಮನೆಗೆ ಹೋಗಿ ಓದಿ ಬರುತ್ತಿದ್ದೆ. ಅವರು ಆಡುವುದು ಇಂಗ್ಲಿಷು. ಇಲ್ಲಿ ಅವರ ಮಾತು ನನ್ನ ಕನ್ನಡದಲ್ಲಿದೆ.

ನನ್ನ ಮೊದಲ ಪ್ರತಿ ಹೀಗೆ ಶುರುವಾಗುತ್ತಿತ್ತು: "ಬಲಗಡೆ ಹಣದ ಚೀಲ ಹಿಡಿದ ಯಹೂದಿ ವ್ಯಾಪಾರಿ ನಿಂತಿದ್ದಾನೆ." ಪೋಸ್ಟರಿನ ಕೆಳಗಿರುವ ಪ್ರಶ್ನೆಯನ್ನು ಮೊದಲೇ ಹೇಳಿದ್ದೆ. ವಿವರಣೆಯನ್ನು ಇಷ್ಟು ಓದುತ್ತಿದ್ದಂತೆ ಅವರು ಕೈ ಎತ್ತಿದರು. ತರಗತಿಯಲ್ಲಿ ಗದ್ದಲ ನಿಲ್ಲಿಸುತ್ತಿದ್ದ ಕೈ ಅದಿರಬೇಕು.

"ಅವನು ಯಹೂದಿ ಅಂತ ಅಲ್ಲಿ ಬರೆದಿದೆಯಾ?"

"ಇಲ್ಲ."

"ಆರು ಮೂಲೆಯ ನಕ್ಷತ್ರ ಗಿಕ್ಷತ್ರ ಏನಾದರೂ?"

ಜೊತೆಗೆ ತಂದಿದ್ದ ಪೋಸ್ಟರಿನ ನಕಲನ್ನು ಮತ್ತೊಮ್ಮೆ ನೋಡಿದೆ. ಇರಲಿಲ್ಲ.

"ಮತ್ತೆ ನಿನಗೆ ಯಾರು ಹೇಳಿದರು?"

ಅವರು ಕೋಪದಲ್ಲಿರಲಿಲ್ಲ, ಪ್ರಯೋಗದಲ್ಲಿ ಬಣ್ಣ ಯಾಕೆ ಬದಲಾಯಿತು ಎಂದು ಕೇಳುವ ಧ್ವನಿ. "ಪೋಸ್ಟರು ಬರೀ ಪ್ರಶ್ನೆ ಕೇಳಿದೆ. ಉತ್ತರ ಹೇಳಿದವಳು ನೀನು," ಎಂದರು. "ಅದೂ ಇಷ್ಟು ವರ್ಷ ಆದಮೇಲೆ. ಆ ಚಿತ್ರ ಬಿಡಿಸಿದವನಿಗೆ ಎಷ್ಟು ಖುಷಿಯಾಗುತ್ತಿತ್ತೋ."

ಕಂಡದ್ದನ್ನಷ್ಟೇ ಬರೆಯುವ ನಿಯಮದ ಮೇಲೆ ನನಗಿದ್ದ ಹೆಮ್ಮೆ ಆ ಸಂಜೆ ಬಸ್ಸಿನಲ್ಲಿ ಸ್ವಲ್ಪ ಕುಗ್ಗಿತು.

ಎರಡನೇ ಪ್ರತಿಯಲ್ಲಿ ನಿಯಮವನ್ನು ಅಕ್ಷರಶಃ ಪಾಲಿಸಿದೆ. ಆ ಪದ ತೆಗೆದೆ. ಹೊಟ್ಟೆ, ಸರಪಳಿ, ಚೀಲ, ಉದ್ದ ಬೆರಳುಗಳು, "ವಿಕಾರವಾದ ದೊಡ್ಡ ಮೂಗು". ಅಷ್ಟೇ. ಅದನ್ನು ಕೇಳುಗರ ಬಳಿಗೆ ಒಯ್ಯುವ ಮೊದಲು ಮನೆಯಲ್ಲೇ ಪರೀಕ್ಷಿಸಬೇಕೆನಿಸಿತು. ಒಂದು ವಿವರಣೆ ಕೇಳುವವರ ಮನಸ್ಸಿಗೆ ಏನನ್ನು ದಾಟಿಸುತ್ತದೆ ಎಂದು ತಿಳಿಯಲು ನಾನು ಮಾಡುವ ಉಪಾಯ ಇದು: ಚಿತ್ರ ನೋಡಿರದ ಒಬ್ಬರಿಗೆ ಓದಿ ಹೇಳಿ, ಕೇಳಿದ್ದನ್ನು ಬಿಡಿಸಲು ಹೇಳುತ್ತೇನೆ. ನನ್ನ ಪಾಲಿಗೆ ಆ ಒಬ್ಬರು ನನ್ನ ರೂಂಮೇಟ್. ಮೈಸೂರಿನವಳು, ಪ್ರಿನ್ಸ್‌ಟನ್ನಿನ ಔಷಧ ಕಂಪನಿಯಲ್ಲಿ ಕೆಲಸ. ಚಿತ್ರಕಲೆಯಲ್ಲಿ ಸುಮಾರು, ಬಾಯಿಯಲ್ಲಿ ಜೋರು.

ಶನಿವಾರ ಇಬ್ಬರೂ ಸಾಮಾನು ತರಲು, ಭಾರತೀಯ ಅಂಗಡಿಗಳೇ ತುಂಬಿರುವ ಐಸೆಲಿನ್‌ಗೆ ಹೋಗಿದ್ದೆವು. ಓಕ್ ಟ್ರೀ ರೋಡಿನ ಹೋಟೆಲಿನಲ್ಲಿ ದೋಸೆ ಬರುವುದರೊಳಗೆ, ತಟ್ಟೆಯ ಕೆಳಗೆ ಹಾಸುವ ಕಾಗದವನ್ನು ತಿರುಗಿಸಿ ಅವಳ ಮುಂದಿಟ್ಟೆ.

"ಸ್ಯಾಟರ್ಡೇನೂ ಬಿಡಲ್ವೇನೇ ನೀನು? ಸರಿ, ಹೇಳು. ಫಾಸ್ಟಾಗಿ ಹೇಳ್ಬೇಡ."

"ನಿಧಾನಕ್ಕೇ ಹೇಳುತ್ತೇನೆ ಮಾರಾಯ್ತಿ."

"ಮಾರಾಯ್ತಿ ಅನ್ಬೇಡ, ನಗು ಬಂದ್ರೆ ಗೆರೆ ಸೊಟ್ಟ ಆಗತ್ತೆ. ಈ ಮಂಗಳೂರೋರು ಮಾತಾಡಿದ್ರೆ ಪಾಠದ ಪುಸ್ತಕ ಓದಿದ್ ಹಾಗಿರತ್ತೆ."

ನಾನು ಓದಿದೆ. ಅವಳು ನಾಲಿಗೆ ಕಚ್ಚಿಕೊಂಡು ಬಿಡಿಸಿದಳು. ಕಾಗದ ತಿರುಗಿಸಿದಾಗ ಅಲ್ಲಿ ಪೇಟ ಸುತ್ತಿ, ಮೀಸೆ ಬಿಟ್ಟು, ಪಂಚೆ ಉಟ್ಟ ಒಬ್ಬ ಡೊಳ್ಳುಹೊಟ್ಟೆಯವನಿದ್ದ. ಪೇಟ, ಮೀಸೆ, ಪಂಚೆ ಯಾವುದನ್ನೂ ನಾನು ಹೇಳಿರಲಿಲ್ಲ.

"ಇದು ಯಾರು?"

"ಹಳೇ ಸಿನಿಮಾದಲ್ಲಿ ಬರ್ತಾನಲ್ಲ, ಬಡ್ಡಿ ಸಾಹುಕಾರ. ನೀನು ಹೊಟ್ಟೆ, ಚೀಲ ಅಂದ್ ತಕ್ಷಣ ಇವನೇ ಬಂದು ಕೂತ್ಬಿಟ್ಟ. ನಾನೇನ್ ಮಾಡ್ಲಿ?"

ದೋಸೆ ತಂದ ಹೋಟೆಲಿನ ಯಜಮಾನರು ಉಡುಪಿ ಕಡೆಯವರು. ನಾವು ಅಂಕಲ್ ಅನ್ನುತ್ತಿದ್ದೆವು. ಅವರು ಬಗ್ಗಿ ನೋಡಿ ನಕ್ಕರು. "ಓಹೋ, ಸೇಟು! ಲಾಯ್ಕ್ ಬಂದಿದೆ."

"ನಾನು ಸೇಟು ಅಂತ ಎಲ್ಲೂ ಬರ್ದೇ ಇಲ್ವಲ್ಲ ಅಂಕಲ್," ಎಂದಳು ರೂಂಮೇಟ್.

"ಬರೀಬೇಕಾ ಅದನ್ನ? ನೋಡಿದ್ರೆ ಗೊತ್ತಾಗುದಿಲ್ವಾ?"

"ಹೌದಾ? ಹಾಗಾದ್ರೆ ನನ್ನ ನೋಡಿ ಏನ್ ಗೊತ್ತಾಗತ್ತೆ ಹೇಳಿ."

"ನಿಮ್ಮದು ಮೈಸೂರು. ಅಗ್ರಹಾರದ ಕಡೆ. ಮಾತು ಕೇಳಿದ್ರೇ ಗೊತ್ತಾಗ್ತದೆ."

"ಮಂಡಿ ಮೊಹಲ್ಲಾ ಅಂಕಲ್. ಅಬ್ಬಾಜಾನ್‌ಗೆ ಹೇಳ್ತೀನಿ, ನಮ್ಮನ್ನ ಅಗ್ರಹಾರಕ್ಕೆ ಶಿಫ್ಟ್ ಮಾಡಿದ್ರು ಅಂತ."

ಅಂಕಲ್ ತಾವೇ ಮೊದಲು ನಕ್ಕು, "ಪರೀಕ್ಷೆಯಲ್ಲಿ ನಾನು ಫೇಲ್," ಎಂದು ಹೇಳಿ ಒಳಗೆ ಹೋದರು. ಕೇಳದೇ ಇನ್ನೊಂದು ಬಟ್ಟಲು ಚಟ್ನಿ ಬಂತು.

ವಾಪಸು ಬರುವಾಗ ಡ್ರೈವ್ ಮಾಡುತ್ತಿದ್ದ ಅವಳು ಒಂದೇ ಮಾತು ಹೇಳಿದಳು: "ಬರೀದೇ ಇದ್ರೆ ಏನೂ ಇಲ್ಲ ಅಂತಲ್ಲ ಕಣೇ. ಬರೀದೇ ಇರೋದೇ ಅವನ ಟ್ರಿಕ್ಕು. ಕೇಳಿದ್ರೆ, 'ನಾನ್ ಹೇಳ್ಲೇ ಇಲ್ವಲ್ಲ' ಅನ್ನಬಹುದು." ನಾನು ಆ ಕಾಗದವನ್ನು ಮಡಚಿ ಚೀಲದಲ್ಲಿಟ್ಟುಕೊಂಡೆ.

ಎರಡನೇ ಪ್ರತಿ ಸೋತಿದೆ ಎಂದು ಗೊತ್ತಿದ್ದೂ ಕೇಳುಗರಿಗೆ ಓದಿದೆ; ಎಲ್ಲಿ ಸೋತಿದೆ ಎಂದು ಅವರ ಬಾಯಲ್ಲಿ ಕೇಳಬೇಕಿತ್ತು. ಪೂರ್ತಿ ಕೇಳಿಸಿಕೊಂಡು ಅವರು ಎರಡು ಮಾತು ಹೇಳಿದರು. ಮೊದಲನೆಯದು: "ಈಗ ನೀನು ನನಗೆ ಒಬ್ಬ ಕುರೂಪಿಯನ್ನು ಕೊಟ್ಟಿದ್ದೀಯ. ಕುರೂಪಿ ಕಳ್ಳ. ಇದಕ್ಕೂ ನಮ್ಮವರಿಗೂ ಏನು ಸಂಬಂಧ ಅಂತ ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ಪೋಸ್ಟರನ್ನು ನೀನು ತೊಳೆದುಬಿಟ್ಟೆ."

ಎರಡನೆಯದನ್ನು ಹೇಳುವ ಮುಂಚೆ ನಕ್ಕರು. "ನಮ್ಮಪ್ಪನ ಮೂಗು ದೊಡ್ಡದಿತ್ತು. ಅವರು ಕೋಣೆಗೆ ಬರುವ ಮೊದಲು ಮೂಗು ಬರುತ್ತಿತ್ತು ಅಂತ ಅಮ್ಮ ಛೇಡಿಸುತ್ತಿದ್ದಳು. ಆ ಮೂಗಿನ ಮೇಲೆ ನನಗೆ ಬಹಳ ಪ್ರೀತಿ. ದೊಡ್ಡ ಮೂಗು ಅನ್ನು, ಪರವಾಗಿಲ್ಲ. ವಿಕಾರ ಅಂತ ಯಾಕೆ ಅಂದೆ? ಆ ಪದವೂ ಚಿತ್ರದಲ್ಲಿ ಅಚ್ಚಾಗಿರಲಿಲ್ಲ ತಾನೇ?"

ಇರಲಿಲ್ಲ. ಒಂದು ಪದ ತೆಗೆದು ಇನ್ನೊಂದನ್ನು ಸೇರಿಸಿದ್ದೆ, ಎರಡನ್ನೂ ನನ್ನ ಕೈಯಲ್ಲಿ ಬರೆಸಿದ್ದು ಪೋಸ್ಟರೇ.

ಸ್ಟುಡಿಯೋದ ಕೊನೆಯ ದಿನ ಹತ್ತಿರವಾಗಿತ್ತು. ಅಷ್ಟರೊಳಗೆ ಒಪ್ಪಿಗೆಯಾಗದ ವಿವರಣೆ ಪ್ರದರ್ಶನದಲ್ಲಿ ಇರುವುದಿಲ್ಲ. ನನ್ನ ಮುಖ್ಯಸ್ಥೆ ಕರೆದು ಕೂರಿಸಿದರು. ಅವರು ನ್ಯಾಯಪರ, ಜಾಗರೂಕ ಮಹಿಳೆ. ಹದಿನೈದು ವರ್ಷಗಳಿಂದ ಇದೇ ಕೆಲಸ ಮಾಡುತ್ತ ಬಂದವರು.

"ಇದನ್ನ ಬಿಟ್ಟುಬಿಡೋಣ," ಎಂದರು. "ಒಂದೇ ವಾಕ್ಯ ಸಾಕು: ಈ ಪೋಸ್ಟರಿನಲ್ಲಿ ಯಹೂದಿಗಳನ್ನು ಅವಮಾನಿಸುವ ವ್ಯಂಗ್ಯಚಿತ್ರವಿದೆ. ಯಾರಿಗೂ ನೋವಾಗುವುದಿಲ್ಲ. ತಪ್ಪು ವಿವರಣೆಗಿಂತ ಮೌನ ವಾಸಿ."

ನನಗೆ ಒಳಗೊಳಗೇ ನಿರಾಳವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಕೇಳುಗರಿಗೆ ತಿಳಿಸುವುದು ನನ್ನ ಕರ್ತವ್ಯ. ಫೋನ್ ಮಾಡಿದೆ. ಆ ಒಂದು ವಾಕ್ಯವನ್ನು ಓದಿ ಹೇಳಿದೆ.

"ಆ ಕೋಣೆಯಲ್ಲಿ ಇರುವವರೆಲ್ಲ ಅದನ್ನು ನೋಡುತ್ತಾರೆ, ಅಲ್ಲವಾ?" ಎಂದರು. "ನೋಡಿ ಮುಖ ಸಿಂಡರಿಸುತ್ತಾರೆ, ಪಕ್ಕದವರ ಜೊತೆ ಮಾತಾಡುತ್ತಾರೆ. ನಮ್ಮಪ್ಪನ ಬಗ್ಗೆ ಏನು ಹೇಳಿದ್ದರು ಅಂತ ಅಲ್ಲಿರುವ ಎಲ್ಲರಿಗೂ ತಿಳಿಯುತ್ತದೆ, ನನಗೊಬ್ಬಳಿಗೆ ಬಿಟ್ಟು. ನನಗೆ ಮಾತ್ರ ಒಂದು ಒಳ್ಳೆಯ ವಾಕ್ಯ. ಹುಡುಗೀ, ನನಗೆ ನೋವಾಗದ ಹಾಗೆ ನೋಡಿಕೊಳ್ಳಬೇಡ. ನನಗೆ ಪೋಸ್ಟರು ಕೊಡು."

ಮುಖ್ಯಸ್ಥೆಯ ಬಳಿ ಹೋಗಿ ಸ್ಟುಡಿಯೋ ದಿನದವರೆಗೆ ಅವಕಾಶ ಕೇಳಿದೆ. ನಾನು ಏನನ್ನೂ ಕೇಳುವವಳಲ್ಲವಾದ್ದರಿಂದಲೋ ಏನೋ, ಅವರು ಕೊಟ್ಟರು.

ಅಲ್ಲಿಯವರೆಗೆ ನಾನು ಪೋಸ್ಟರನ್ನು ಕಂಪ್ಯೂಟರಿನ ಪರದೆಯಲ್ಲಿ ನೋಡಿ ಬರೆದಿದ್ದೆ. ಮರುದಿನ ಮೂಲ ಪ್ರತಿಯ ಮುಂದೆ ಕುಳಿತೆ. ಇನ್ನೂ ಗೋಡೆಗೆ ಏರಿರಲಿಲ್ಲ; ದಾಸ್ತಾನು ಕೋಣೆಯ ಮೇಜಿನ ಮೇಲೆ ಮಲಗಿತ್ತು. ಗಂಡಸನ್ನು ಬಿಟ್ಟು ತಾಯಿಯಿಂದ ಶುರು ಮಾಡಿದೆ. ಅವಳ ಕೈ ನಿಜವಾದ ಕೈ. ಉಗುರಿನ ಬುಡದ ಚರ್ಮ ಕೂಡ ಒಡೆದಿದೆ. ಬೆಳಕು ಎಡಗಡೆಯ ಕಿಟಕಿಯಿಂದ ಬಂದು ಅವಳ ಕೆನ್ನೆಯ ಮೇಲೆ ಬೀಳುತ್ತದೆ. ಯಾರನ್ನೋ ಎದುರಿಗೆ ಕೂರಿಸಿಕೊಂಡೇ ಇವಳನ್ನು ಬಿಡಿಸಿರಬೇಕು ಎನಿಸಿತು. ಅದೇ ಭೂತಗನ್ನಡಿಯನ್ನು ಬಲಕ್ಕೆ ಸರಿಸಿದೆ. ಮೊದಲು ಬೆರಳುಗಳು. ನಾಲ್ಕು ಗೆಣ್ಣು. ಆಮೇಲೆ ಬೆಳಕು: ಅವನ ಮುಖಕ್ಕೆ ಬೆಳಕು ಕೆಳಗಿನಿಂದ ಬರುತ್ತಿತ್ತು, ಆದರೆ ಕೆಳಗೆ ದೀಪವಿರಲಿಲ್ಲ, ಬರೀ ತಟ್ಟೆ. ಕೊನೆಗೆ ಮೂಗು. ಮುಖ ಪೂರ್ತಿ ನಮ್ಮ ಕಡೆ ತಿರುಗಿದೆ, ಎರಡು ಕಣ್ಣೂ ಸಮನಾಗಿ ಕಾಣುತ್ತವೆ. ಮೂಗು ಮಾತ್ರ ಪಕ್ಕದಿಂದ ನೋಡಿದಂತಿದೆ. ಕನ್ನಡಿಯ ಮುಂದೆ ಯಾರು ಎಷ್ಟು ತಿರುಗಿದರೂ ಆ ಮುಖಕ್ಕೆ ಆ ಮೂಗು ಕೂಡುವುದಿಲ್ಲ.

ಅಂದರೆ ನಾನು ನಿಯಮ ಪಾಲಿಸಿಯೇ ಇರಲಿಲ್ಲ. ಕಂಡದ್ದನ್ನು ಹೇಳಬೇಕಿದ್ದವಳು ಗುರುತು ಹಿಡಿದದ್ದನ್ನು ಹೇಳಿದ್ದೆ. ಗುರುತು ಸಿಕ್ಕ ಕೂಡಲೇ ನೋಡುವುದು ನಿಂತುಹೋಗಿತ್ತು.

ಗುರುತು ಎಲ್ಲಿಂದ ಬಂತು ಎಂಬುದು ಆ ಚೀಲದ ಮೇಲೆ ಕಣ್ಣಿಟ್ಟಾಗ ತಿಳಿಯಿತು. ಬಾಯಿ ಬಿಗಿದ, ಕೆಳಗೆ ಉಬ್ಬಿದ ತೊಗಲಿನ ಚೀಲ. ಕರಾವಳಿಯ ನಮ್ಮ ಊರಿನ ಚರ್ಚಿನಲ್ಲಿ ಭಾನುವಾರದ ಧರ್ಮೋಪದೇಶದ ತರಗತಿಗೆ ಒಂದು ಚಿತ್ರ ತೂಗುಹಾಕಿದ್ದರು: ಯೇಸುವಿನ ಕೊನೆಯ ಭೋಜನ. ಮೇಜಿನ ತುದಿಯಲ್ಲಿ ಗುರುವನ್ನು ಹಣಕ್ಕೆ ಒಪ್ಪಿಸಿದ ಶಿಷ್ಯ. ಹಳದಿ ನಿಲುವಂಗಿ, ಕೊಕ್ಕಿನಂಥ ಮೂಗು, ಕೈಯಲ್ಲಿ ಇದೇ ಚೀಲ. ಸಿಸ್ಟರ್ ಹೇಳಿಕೊಡುವ ಮೊದಲೇ ನಾವೆಲ್ಲ ಅವನನ್ನು ಬೆರಳು ಮಾಡಿ ತೋರಿಸುತ್ತಿದ್ದೆವು. ಆ ಮೇಜಿನ ಸುತ್ತ ಕೂತಿದ್ದವರೆಲ್ಲರೂ ಯಹೂದಿಗಳೇ. ನಡುವೆ ಕೂತಿದ್ದ ಗುರು ಕೂಡ. ಆದರೆ ಯಹೂದಿಯಂತೆ ಬಿಡಿಸಿದ್ದು ಒಬ್ಬನನ್ನು ಮಾತ್ರ. ಯಹೂದಿಯೊಬ್ಬರನ್ನು ನಾನು ಮೊದಲ ಸಲ ಭೇಟಿಯಾದದ್ದು ಈ ದೇಶಕ್ಕೆ ಓದಲು ಬಂದ ಮೇಲೆ. ಗುರುತು ಹಿಡಿಯಲು ಮಾತ್ರ ಏಳನೇ ವಯಸ್ಸಿಗೇ ಕಲಿತಿದ್ದೆ.

ಇದನ್ನೆಲ್ಲ ಆ ದಿನ ಯಾರಿಗೂ ಹೇಳಲಿಲ್ಲ. ಮೂರನೇ ಪ್ರತಿ ಬರೆದೆ. ಕನ್ನಡದಲ್ಲಿ ಅದು ಹೀಗಾಗುತ್ತದೆ:

"ಎಡಗಡೆ ಒಬ್ಬ ತಾಯಿ ಮತ್ತು ಮಗು, ಮುಂದೆ ಖಾಲಿ ತಟ್ಟೆ. ಚಿತ್ರಕಾರ ಈ ಇಬ್ಬರನ್ನು ನಿಜವಾದ ಮನುಷ್ಯರನ್ನು ನೋಡಿ ಬಿಡಿಸಿದಂತೆ ಬಿಡಿಸಿದ್ದಾನೆ. ತಾಯಿಯ ಕೈಯ ಒಡೆದ ಚರ್ಮ ಕೂಡ ಕಾಣುತ್ತದೆ. ಬಲಗಡೆಯ ಗಂಡಸನ್ನು ಹಾಗೆ ಬಿಡಿಸಿಲ್ಲ, ಜೋಡಿಸಿದ್ದಾನೆ. ಮುಖ ನಮ್ಮ ಕಡೆಗಿದೆ. ಅದರ ಮೇಲೆ, ಪಕ್ಕದಿಂದ ಕಾಣುವಂಥ ದೊಡ್ಡ ಬಾಗಿದ ಮೂಗನ್ನು ತಂದಿಟ್ಟಿದ್ದಾನೆ. ತಟ್ಟೆಯ ಕಡೆ ಚಾಚಿದ ಕೈಬೆರಳುಗಳಿಗೆ ನಾಲ್ಕು ಗೆಣ್ಣುಗಳಿವೆ. ಬೆಳಕು ಇಲ್ಲದ ಕಡೆಯಿಂದ ಅವನ ಮುಖಕ್ಕೆ ಬೆಳಕು ಬೀಳುತ್ತದೆ. ಇನ್ನೊಂದು ಕೈಯ ಹಣದ ಚೀಲ ಚರ್ಚಿನ ಹಳೆಯ ಚಿತ್ರಗಳಿಂದ ಬಂದದ್ದು. ಇಂಥ ಮನುಷ್ಯ ಎಲ್ಲೂ ಇರಲಿಲ್ಲ. ಅವನು ಯಾರೆಂದು ಪೋಸ್ಟರು ಹೇಳುವುದಿಲ್ಲ. ಅಂದಿನ ನೋಡುಗರು ಈ ಮೂಗು, ಈ ಬೆರಳು, ಈ ಚೀಲವನ್ನು ಮತ್ತೆ ಮತ್ತೆ ನೋಡಿದ್ದರು. ಯಹೂದಿ ಎಂಬ ಪದವನ್ನು ತಾವೇ ತುಂಬಿಕೊಂಡರು. ಕೆಳಗಿನ ಪ್ರಶ್ನೆ ಅವರಿಗಾಗಿ: ನಿನ್ನ ರೊಟ್ಟಿ ಎಲ್ಲಿ ಹೋಯಿತು?"

ಮುಖ್ಯಸ್ಥೆ ಓದಿ ಪೆನ್ನು ಎತ್ತಿದರು. "ಇದು ಅರ್ಥ ಹೇಳುವುದಾಯಿತು."

"ನಾಲ್ಕು ಗೆಣ್ಣುಗಳನ್ನು ಎಣಿಸಬಹುದು," ಎಂದೆ.

"ಅದು ಸರಿ. 'ತಾವೇ ತುಂಬಿಕೊಂಡರು', ಅದು? ಚರ್ಚಿನ ಚಿತ್ರ? ಆಧಾರ ಏನು? ಯಾರಾದರೂ ಕೇಳಿದರೆ ನಾನು ಏನು ತೋರಿಸಲಿ?"

ಚರ್ಚಿನ ಚಿತ್ರಗಳಿಗೆ ಆಧಾರ ನಮ್ಮ ಗ್ರಂಥಾಲಯದಲ್ಲೇ ಸಿಕ್ಕಿತು. ಹಳದಿ ಬಟ್ಟೆ, ಚೀಲ, ಮೂಗು, ಒಂದಾದ ಮೇಲೆ ಒಂದು ಪುಟ. ಇನ್ನೊಂದಕ್ಕೆ, ನನ್ನ ಚೀಲದಲ್ಲಿ ಮಡಚಿಟ್ಟಿದ್ದ ಹೋಟೆಲಿನ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟೆ. ಸಾಂಬಾರಿನ ಒಂದು ಕಲೆ ಪೇಟದ ಮೇಲೆಯೇ ಬಿದ್ದಿತ್ತು. ನನ್ನ ಎರಡನೇ ಪ್ರತಿ ಕೇಳಿ ಬಿಡಿಸಿದ್ದು ಇದು ಎಂದೆ. ಅಂಕಲ್ ಹೇಳಿದ್ದನ್ನೂ ಹೇಳಿದೆ. ಸೇಟು ಎಂದರೆ ನಮ್ಮ ಕಡೆ ಏನು, ಆ ಪದ ಯಾರ ಮೇಲೆ ಬೀಳುತ್ತದೆ ಎಂದು ವಿವರಿಸಬೇಕಾಯಿತು. ಕೊನೆಗೆ ನನ್ನ ತರಗತಿಯ ಚಿತ್ರವನ್ನೂ ಹೇಳಿದೆ. ಅವರ ಜೊತೆ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು.

ಅವರು ಕಾಗದವನ್ನು ಬಹಳ ಹೊತ್ತು ನೋಡಿದರು. "ಕೇಳುಗರು ಒಪ್ಪಿದರೆ ನನ್ನದೂ ಒಪ್ಪಿಗೆ," ಎಂದರು. "ಒಪ್ಪದಿದ್ದರೆ ಒಂದೇ ವಾಕ್ಯ."

ಕೇಳುಗರ ಮನೆಗೆ ಹೋಗಿ ಮೂರನೇ ಪ್ರತಿ ಓದಿದೆ. ಈ ಸಲ ಅವರು ಕೈ ಎತ್ತಲಿಲ್ಲ. ಬೆರಳಿನ ಜಾಗಕ್ಕೆ ಬಂದಾಗ ತಮ್ಮ ಬಲಗೈಯಿಂದ ಎಡಗೈಯ ತೋರುಬೆರಳನ್ನು ತುದಿಯಿಂದ ಬುಡದವರೆಗೆ ಒತ್ತಿ ನೋಡಿಕೊಂಡರು. ಓದಿ ಮುಗಿಸಿದೆ. ಕಿಟಕಿಯಾಚೆ ಸೇತುವೆಯ ಮೇಲೆ ವಾಹನಗಳ ಸದ್ದು.

"ನೋಡಿದೆ," ಎಂದರು.

ಅವರ ಕೈ ಇನ್ನೂ ಆ ತೋರುಬೆರಳಿನ ಮೇಲೇ ಇತ್ತು. "ಅಪ್ಪ ಅದರ ಮುಂದೆ ನಡೆದು ಕೆಲಸಕ್ಕೆ ಹೋಗುತ್ತಿದ್ದಿರಬೇಕು. ಇದೇ ಅಲ್ಲದಿದ್ದರೂ ಇಂಥದ್ದೇ ಒಂದರ ಮುಂದೆ. ಜನ ಅದನ್ನ ನೋಡುತ್ತಿದ್ದರು, ಆಮೇಲೆ ಅವರನ್ನ ನೋಡುತ್ತಿದ್ದರು. ಅಪ್ಪ ಇದನ್ನ ಎಂದೂ ಹೇಳಲಿಲ್ಲ." ಬಳಿಕ ಅವರ ಶಾಲೆಯ ಧ್ವನಿ ಮರಳಿತು. "ಬಾಗಿದ ಮೂಗು ಅಂದಿದ್ದೀಯಲ್ಲ, ಇರಲಿ. ಒಳ್ಳೆಯ ಪದ. ಅಪ್ಪನದೂ ಬಾಗಿತ್ತು."

ಸ್ಟುಡಿಯೋದಲ್ಲಿ ಓದುವ ಕಲಾವಿದರು ಎರಡೇ ಪ್ರಯತ್ನದಲ್ಲಿ ಮುಗಿಸಿದರು. ಕೊನೆಯ ಪ್ರಶ್ನೆಯನ್ನು ನಾಟಕೀಯವಾಗಿ ಓದಬೇಡಿ, ಪಕ್ಕದ ಮನೆಯವರು ಕೇಳಿದಂತೆ ಕೇಳಿ ಎಂದಷ್ಟೇ ನಾನು ಹೇಳಿದ್ದು. ಮುಖ್ಯಸ್ಥೆ ಕೈಕುಲುಕಿ, ಪ್ರದರ್ಶನದ ನಮ್ಮ ಕೆಲಸ ಇನ್ನು ಮುಗಿದ ಹಾಗೆಯೇ ಎಂದರು. ಮನೆಗೆ ಬಂದು ರೂಂಮೇಟಿಗೆ ಅವಳ ಸಾಹುಕಾರನನ್ನು ಮರಳಿಸಿದೆ. ಅವಳು ಅವನನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಲು ಹೋದವಳು, ಯೋಚಿಸಿ, ಡ್ರಾಯರಿನಲ್ಲಿಟ್ಟಳು.

ಮರುದಿನ ಬೆಳಿಗ್ಗೆ ಎಂದಿನ ಬಸ್ಸಿಗಿಂತ ಮೊದಲಿನದನ್ನು ಹಿಡಿದು ಮ್ಯೂಸಿಯಮ್ಮಿಗೆ ಹೋದೆ. ಕೋಟು ತೆಗೆಯದೆ ಹೆಡ್‌ಫೋನ್ ಹಾಕಿಕೊಂಡು, ಎಂದೋ ಒಪ್ಪಿಗೆಯಾಗಿ ದಾಖಲಾಗಿದ್ದ ಮೊದಲನೇ ಸಂಖ್ಯೆಯನ್ನು ಒತ್ತಿ ಕಣ್ಣು ಮುಚ್ಚಿದೆ. ನನ್ನದೇ ವಾಕ್ಯ, ಕಲಾವಿದರ ತಿಳಿಯಾದ ಧ್ವನಿಯಲ್ಲಿ: "ತನ್ನ ಅಂಗಡಿಯ ಬಾಗಿಲಲ್ಲಿ ಒಬ್ಬ ಯಹೂದಿ ನಿಂತಿದ್ದಾನೆ." ಅಲ್ಲಿಗೇ ನಿಲ್ಲಿಸಿದೆ. ಇದನ್ನು ಓದಿದ್ದಾಗ ಕೇಳುಗರೂ ಕೈ ಎತ್ತಿರಲಿಲ್ಲ. ಈ ಸಂಖ್ಯೆಯನ್ನು ತಡೆಹಿಡಿಯಿರಿ, ಉಳಿದವನ್ನೂ ಮತ್ತೆ ನೋಡಬೇಕಿದೆ ಎಂದು ಮುಖ್ಯಸ್ಥೆಯ ಮೇಜಿನ ಮೇಲೆ ಚೀಟಿ ಇಟ್ಟೆ. ಆಮೇಲೆ ಭೂತಗನ್ನಡಿ ತೆಗೆದುಕೊಂಡು, ಆ ಅಂಗಡಿಯ ಫಲಕದಲ್ಲಿ ಏನು ಬರೆದಿದೆ ಎಂದು ನೋಡಲು ಕೆಳಗೆ ಗ್ಯಾಲರಿಗೆ ಇಳಿದೆ.